ಮಾರಿಯೋನ ಗಡಿಯಾರ ಎಷ್ಟು ನಿಧಾನ?

ಕಾಸರಗೋಡು, ಕುಂಬಳೆ, ಉಪ್ಪಳದ ಮನೆಗಳಲ್ಲಿ ತೊಂಬತ್ತರ ದಶಕದ ವಿಡಿಯೋ ಗೇಮ್ ಸೆಟ್ಟುಗಳು ಇನ್ನೂ ಅಲ್ಲಲ್ಲಿ ಅಟ್ಟದ ಮೇಲೆ ಸಿಗುತ್ತವೆ. ಗಲ್ಫಿನಿಂದ ರಜೆಗೆ ಬಂದವರ ಪೆಟ್ಟಿಗೆಯಲ್ಲಿ ಇಳಿದವೂ ಅದರಲ್ಲಿವೆ. ಹೆಚ್ಚಿನವು 1983ರ ಜುಲೈಯಲ್ಲಿ ಜಪಾನಿನಲ್ಲಿ ಬಂದ ನಿಂಟೆಂಡೋ ಫ್ಯಾಮಿಕಾಮ್‌ನ ನಕಲುಗಳು. ಅದೇ ಆಟಗಳನ್ನು ಈಗ ಮೊಬೈಲಿನಲ್ಲಿ, ಹಳೆಯ ಸೆಟ್ಟಿನಂತೆ ನಟಿಸುವ ತಂತ್ರಾಂಶವಾದ ಎಮ್ಯುಲೇಟರ್‌ನಲ್ಲಿ ಆಡಿದವರು ‘ಆಗ ಸಲೀಸಾಗಿ ದಾಟುತ್ತಿದ್ದ ಹೊಂಡಕ್ಕೆ ಈಗ ಬೀಳುತ್ತೇನೆ, ವಯಸ್ಸಾಯಿತು’ ಅನ್ನುವುದುಂಟು. ವಯಸ್ಸನ್ನು ದೂರುವ ಮೊದಲು ಟಿವಿಯ ಲೆಕ್ಕ ನೋಡಬೇಕು.

ಜಪಾನ್, ಅಮೆರಿಕದ ಹಳೆಯ ಟಿವಿ ಸೆಕೆಂಡಿಗೆ ಸುಮಾರು 60 ಸಲ ಚಿತ್ರ ಬರೆಯುತ್ತಿತ್ತು. ಭಾರತದಲ್ಲೂ ದುಬೈಯಲ್ಲೂ ಇದ್ದದ್ದು ಪ್ಯಾಲ್ ಪದ್ಧತಿ, ಅಂದರೆ 50 ಸಲ. ಫ್ಯಾಮಿಕಾಮ್ ಆಟಗಳು ಹೊತ್ತನ್ನು ಅಳೆಯುವುದೇ ಚಿತ್ರ ಎಣಿಸಿ. ಹಾಗಾಗಿ 60ಕ್ಕೆಂದು ಬರೆದ ಆಟ 50ರಲ್ಲಿ ಓಡಿದರೆ ಆರರಲ್ಲಿ ಒಂದು ಪಾಲು ನಿಧಾನವಾಗುತ್ತದೆ. ನೆಗೆತದ ಎತ್ತರ, ದೂರ ಬದಲಾಗುವುದಿಲ್ಲ, ಏಕೆಂದರೆ ಅವೂ ಚಿತ್ರದ ಲೆಕ್ಕದಲ್ಲೇ ಇವೆ. ಬದಲಾಗುವುದು ನಮಗೆ ಸಿಗುವ ಸಮಯ: ಇಲ್ಲಿ 600 ಮಿಲಿಸೆಕೆಂಡ್ ಸಿಗುತ್ತಿದ್ದ ಕಡೆ ಮೂಲ ವೇಗದಲ್ಲಿ 500 ಮಾತ್ರ. ನಾವು ಕಲಿತದ್ದು ಸುಲಭದ ಆಟ.

ಪರೀಕ್ಷೆ ಕಷ್ಟವಿಲ್ಲ. ಸೂಪರ್ ಮಾರಿಯೋ ಬ್ರದರ್ಸ್ ಶುರು ಮಾಡಿ, ಮಾರಿಯೋನನ್ನು ನಿಂತಲ್ಲೇ ಬಿಟ್ಟು ಮೇಲಿನ ಟೈಮನ್ನು ಸ್ಟಾಪ್‌ವಾಚ್‌ನಲ್ಲಿ ಅಳೆಯಿರಿ. ಜಪಾನ್ ಮತ್ತು ಅಮೆರಿಕದ ಆವೃತ್ತಿಯಲ್ಲಿ 24 ಚಿತ್ರಕ್ಕೆ ಒಂದು ಅಂಕಿ ಇಳಿಯುತ್ತದೆ. 400ರಿಂದ 300ಕ್ಕೆ ಬರಲು 40 ಸೆಕೆಂಡ್ ಹಿಡಿದರೆ ನಿಮ್ಮ ಸೆಟ್ಟು 60ರದ್ದು, 48 ಹಿಡಿದರೆ 50ರದ್ದು.

ಪ್ಯಾಲ್ ನಕಲು ಸೆಟ್ಟುಗಳ ಚಿಪ್ಪು ಮಾಡಿದವರು ಒಂದು ಜಾಣತನ ತೋರಿದ್ದಾರೆ. ಪ್ರೊಸೆಸರಿನ ವೇಗವನ್ನು ಮೂಲದ 1.79 ಮೆಗಾಹರ್ಟ್ಸ್‌ಗೆ ಹತ್ತಿರ, 1.77ರಲ್ಲಿ ಇಟ್ಟು, ಒಂದು ಚಿತ್ರದ ಗೆರೆಗಳನ್ನು ಮಾತ್ರ 262ರಿಂದ 312ಕ್ಕೆ ಏರಿಸಿ ಖಾಲಿ ಹೊತ್ತನ್ನು ಉದ್ದ ಮಾಡಿದರು. ಇದರಿಂದ ಹಾಡಿನ ಶ್ರುತಿ ಹೆಚ್ಚು ಕೆಡಲಿಲ್ಲ, ಲಯ ಮಾತ್ರ ನಿಧಾನವಾಯಿತು. ಮೆಸೆನ್, ಎಫ್‌ಸಿಇಯುಎಕ್ಸ್ ಎಂಬ ಎಮ್ಯುಲೇಟರ್‌ಗಳಲ್ಲಿ ‘ಡೆಂಡಿ’ (ರಷ್ಯಾದಲ್ಲಿ ಮಾರಿದ ಇಂಥದೇ ನಕಲು ಸೆಟ್ಟಿನ ಹೆಸರು) ಎಂಬ ಆಯ್ಕೆ ಇರುವುದು ಇದಕ್ಕೇ. ಅದನ್ನು ಹಾಕಿದರೆ ನಿಮ್ಮ ನೆನಪಿನ ವೇಗ ಮರಳುತ್ತದೆ. ಇನ್ನೊಂದು ವ್ಯತ್ಯಾಸ ಕಿವಿಗೆ ತಿಳಿಯುತ್ತದೆ. ಹಲವು ನಕಲು ಚಿಪ್ಪುಗಳಲ್ಲಿ ರಾಗ ನುಡಿಸುವ ಪಲ್ಸ್ ಚಾನಲ್‌ಗಳ 25 ಮತ್ತು 50 ಶೇಕಡಾದ ತರಂಗಗಳು ಅದಲುಬದಲಾಗಿವೆ. ರಾಗ ಅದೇ, ದನಿಯ ಬಣ್ಣ ಬೇರೆ. ಆ ಸೆಟ್ಟಿನಲ್ಲಿ ಕೇಳಿ ಸಂಗೀತ ಚೆನ್ನಾಗಿಲ್ಲ ಎಂದರೆ ಸಂಗೀತಗಾರನಿಗೆ ಅನ್ಯಾಯ.

ನಮ್ಮ ಕಡೆಯ ದೊಡ್ಡ ಶತ್ರು ಮಳೆಗಾಲದ ತೇವ, ಕಡಲ ಗಾಳಿಯ ಉಪ್ಪು. ಕ್ಯಾಸೆಟ್ಟಿನ 60 ಪಿನ್ನುಗಳಿಗೆ ಹಸಿರು ಕಿಲುಬು ಹಿಡಿಯುತ್ತದೆ. ಯಾವ ಕಡೆ ಕೆಟ್ಟಿದೆ ಎಂಬುದನ್ನು ಪರದೆಯೇ ಸೂಚಿಸುತ್ತದೆ. ಈ ಯಂತ್ರದಲ್ಲಿ ಪ್ರೊಸೆಸರಿಗೂ ಚಿತ್ರದ ಚಿಪ್ಪಿಗೂ ಪ್ರತ್ಯೇಕ ತಂತಿಗಳಿವೆ. ಆಟ ಓಡುತ್ತಿದ್ದು ಚಿತ್ರ ಮಾತ್ರ ಚಿಂದಿಯಾಗಿದ್ದರೆ ಚಿತ್ರದ ತಂತಿಗಳ ಪಿನ್ನು ನೋಡಿ. ಆಟ ಶುರುವೇ ಆಗದೆ ಪರದೆ ಒಂದೇ ಬಣ್ಣವಾಗಿದ್ದರೆ ಪ್ರೊಸೆಸರ್ ಕಡೆಯದು. ಬಾಯಿಂದ ಊದಬೇಡಿ. ಉಸಿರಿನ ತೇವ ಕಿಲುಬನ್ನು ಬೆಳೆಸುತ್ತದೆ. ಊದಿದ ಮೇಲೆ ಸರಿಯಾದಂತೆ ಕಾಣುವುದು ಹೆಚ್ಚಾಗಿ ಕ್ಯಾಸೆಟ್ಟನ್ನು ತೆಗೆದು ಮತ್ತೆ ಹಾಕಿದ್ದರಿಂದ. 99 ಶೇಕಡಾ ಐಸೊಪ್ರೊಪೈಲ್ ಆಲ್ಕೋಹಾಲ್‌ನಲ್ಲಿ ಇಯರ್ ಬಡ್ ಅದ್ದಿ, ಪಿನ್ನಿನ ಉದ್ದಕ್ಕೆ, ಹತ್ತಿ ಕಪ್ಪಾಗುವುದು ನಿಲ್ಲುವವರೆಗೆ ಒರೆಸಿ. ಹತ್ತು ನಿಮಿಷ ಒಣಗಲಿ. ಕೈಗೆ ಹಚ್ಚುವ ಸ್ಯಾನಿಟೈಸರ್ ಬೇಡ, ಅದರ ಗ್ಲಿಸರಿನ್ ಅಂಟಾಗಿ ಉಳಿಯುತ್ತದೆ. ಹೋಗದ ಕಿಲುಬಿಗೆ ಮೆತ್ತನೆಯ ಪೆನ್ಸಿಲ್ ರಬ್ಬರಿನಿಂದ ಹಗುರವಾಗಿ ಉಜ್ಜಿ. ಸ್ಯಾಂಡ್‌ಪೇಪರ್ ತಾಗಿಸಿದರೆ ಪಿನ್ನಿನ ಲೇಪವೇ ಹೋಗಿ ಮುಂದಿನ ಆಟಿಯ ಮಳೆಗೆ ಮತ್ತೆ ಕಿಲುಬು. ಒರೆಸಿದ ಕ್ಯಾಸೆಟ್ಟನ್ನು ಸಿಲಿಕಾ ಜೆಲ್ ಪೊಟ್ಟಣದೊಂದಿಗೆ ಗಾಳಿಯಾಡದ ಡಬ್ಬಿಯಲ್ಲಿಡಿ.

ಅಡಾಪ್ಟರ್ ವಿಷಯದಲ್ಲಿ ಅಂದಾಜು ಬೇಡ. ಮೂಲ ಫ್ಯಾಮಿಕಾಮ್‌ಗೆ ಬೇಕಾದ್ದು 10 ವೋಲ್ಟ್ ಡಿಸಿ, 850 ಮಿಲಿಆಂಪ್, ಪ್ಲಗ್ಗಿನ ನಡುವೆ ಮೈನಸ್. ನಕಲು ಸೆಟ್ಟುಗಳಲ್ಲಿ 9 ವೋಲ್ಟ್ ಸಾಮಾನ್ಯ, ಪ್ಲಸ್ ಮೈನಸ್ ಹೇಗಿದೆಯೆಂದು ಲೇಬಲ್ ಓದಿಯೇ ತಿಳಿಯಬೇಕು. ತಿರುಗುಮುರುಗಾದರೆ ಒಳಗಿನ ರೆಗ್ಯುಲೇಟರ್ ಸುಡಬಹುದು.

ವೇಗ ಸರಿಮಾಡಿದ ಮೇಲೂ ಎಲ್‌ಸಿಡಿ ಟಿವಿ ಕೈಕೊಡುತ್ತದೆ. ಸೆಟ್ಟು ಕಳಿಸುವ ಸರಳ ಸಂಕೇತವನ್ನು ಹಲವು ಹೊಸ ಟಿವಿಗಳು ಎರಡು ಅರ್ಧ ಚಿತ್ರಗಳೆಂದು ತಪ್ಪು ತಿಳಿದು ಹೊಲಿಯಲು ಕೂರುತ್ತವೆ, ಅದಕ್ಕೆ ಹೊತ್ತು ಹಿಡಿಯುತ್ತದೆ. ಅಳೆಯಲು ಮೊಬೈಲಿನಲ್ಲಿ ಸೆಕೆಂಡಿಗೆ 240 ಚಿತ್ರದ ಸ್ಲೋ ಮೋಷನ್ ಇಟ್ಟು ಬಟನ್ನೂ ಪರದೆಯೂ ಒಟ್ಟಿಗೆ ಕಾಣುವಂತೆ ಹಿಡಿಯಿರಿ. ಒತ್ತಿದ್ದಕ್ಕೂ ನೆಗೆದದ್ದಕ್ಕೂ ನಡುವಿನ ಚಿತ್ರಗಳನ್ನು ಎಣಿಸಿ 4.2ರಿಂದ ಗುಣಿಸಿದರೆ ಮಿಲಿಸೆಕೆಂಡ್ ಸಿಗುತ್ತದೆ. ಟಿವಿಯ ಗೇಮ್ ಮೋಡ್ ಹಾಕಿ ಮತ್ತೆ ಅಳೆಯಿರಿ, ವ್ಯತ್ಯಾಸ ಕಾಣುತ್ತದೆ. ಬಾತುಕೋಳಿ ಹೊಡೆಯುವ ಡಕ್ ಹಂಟ್‌ಗೆ ಇಷ್ಟು ಸಾಲದು. ಆಟದ ಬಂದೂಕಿನ ಕುದುರೆ ಎಳೆದ ಕ್ಷಣ ಪರದೆ ಕಪ್ಪಾಗಿ, ಬಾತುಕೋಳಿಯ ಜಾಗದಲ್ಲಿ ಬಿಳಿ ಚೌಕ ಮೂಡುತ್ತದೆ. ಬಂದೂಕಿನೊಳಗಿನ ಬೆಳಕಿನ ಸೆನ್ಸರ್ ಅದನ್ನು ಆ ಕ್ಷಣವೇ ಕಾಣಬೇಕು. ಎಲ್‌ಸಿಡಿಯಲ್ಲಿ ತಡವಾಗಿ ಬಂದ ಬೆಳಕು ಲೆಕ್ಕಕ್ಕಿಲ್ಲ. ಈ ಆಟಕ್ಕೆ ಹಳೆಯ ಡಬ್ಬಾ ಟಿವಿಯೇ ಬೇಕು. ಆದರೆ ಅದು ಕೆಟ್ಟಿದ್ದರೆ ನೀವೇ ಬಿಚ್ಚಬೇಡಿ. ಸ್ವಿಚ್ಚು ತೆಗೆದ ಮೇಲೂ ಪಿಕ್ಚರ್ ಟ್ಯೂಬಿನಲ್ಲಿ ಸಾವಿರಾರು ವೋಲ್ಟ್ ಉಳಿದಿರಬಹುದು.

ಇಷ್ಟಾದ ಮೇಲೂ ಉಳಿಯುವ ದೋಷ ಆಟದ್ದು, ಇಲ್ಲವೇ ಮೂಲ ಯಂತ್ರದ್ದು. ಗೊಂಬೆಗಳು ಮಿನುಗುವುದು ಯಂತ್ರದ ಮಿತಿ: ಒಂದು ಅಡ್ಡಗೆರೆಯಲ್ಲಿ ಎಂಟಕ್ಕಿಂತ ಹೆಚ್ಚು ಸ್ಪ್ರೈಟ್, ಅಂದರೆ ಗೊಂಬೆಯ ತುಣುಕು, ಮೂಡುವುದಿಲ್ಲ. ಪ್ರೋಗ್ರಾಮರ್‌ಗಳು ಸರದಿ ಬದಲಿಸುತ್ತಾ ಹೋಗುತ್ತಾರೆ, ಇಲ್ಲವಾದರೆ ಗುಂಡೊಂದು ಪೂರ್ತಿ ಮಾಯವಾಗಿಯೇ ಬಂದು ತಾಗುತ್ತಿತ್ತು. ಎಮ್ಯುಲೇಟರ್‌ನಲ್ಲಿ ಈ ಮಿತಿ ತೆಗೆಯಬಹುದು. ಆಟ ಅಳೆಯುವಾಗ ತೆಗೆಯಬಾರದು. ಬೇಕೆಂದೇ ಏನನ್ನಾದರೂ ಮರೆಮಾಡಲು ಅದನ್ನು ಬಳಸಿದ ಆಟಗಳಿವೆ.

ಹೀಗೆ ತೂಗಿದರೆ ಮಾರಿಯೋಗೆ 60ರ ವೇಗವೇ ನ್ಯಾಯ. ಬಟನ್ನು ಒತ್ತಿ ಹಿಡಿದಷ್ಟು ಏರುವ ಆ ನೆಗೆತ ಅಲ್ಲಿ ಬೆರಳಿಗೆ ಪಕ್ಕಾ ಹೊಂದುತ್ತದೆ. ಬರೀ 40 ಕಿಲೋಬೈಟಿನಲ್ಲಿ ಅದನ್ನು ಸಾಧಿಸಿದ್ದು ದೊಡ್ಡ ಕೆಲಸ: ಮೋಡಕ್ಕೂ ಪೊದೆಗೂ ಒಂದೇ ಚಿತ್ರ, ಬಣ್ಣ ಮಾತ್ರ ಬೇರೆ. ಗುಂಡು ಹಾರಿಸುತ್ತಾ ಓಡುವ ಕಾಂಟ್ರಾ ಆಟದ ಕಷ್ಟವನ್ನು 50ರಲ್ಲಿ ಆಡಿ ಹೇಳುವುದು ಸರಿಯಲ್ಲ. ನಾವು ಟ್ಯಾಂಕ್ ಎನ್ನುತ್ತಿದ್ದ 1985ರ ಬ್ಯಾಟಲ್ ಸಿಟಿ ಮಾತ್ರ ಎರಡೂ ವೇಗದಲ್ಲಿ ಗೆಲ್ಲುತ್ತದೆ. ಅಲ್ಲಿ ಪರದೆ ಸರಿಯುವುದಿಲ್ಲ, ಹೊಂಡ ದಾಟುವ ತುರ್ತಿಲ್ಲ. ಯಾವ ಇಟ್ಟಿಗೆ ಉಳಿಸಬೇಕು, ಯಾರು ನಮ್ಮ ನೆಲೆಯಾದ ಹದ್ದನ್ನು ಕಾಯಬೇಕು ಎಂದು ಇಬ್ಬರು ಮಾತಾಡಿಕೊಳ್ಳುವುದೇ ಆಟ. ಇವತ್ತು ಮಕ್ಕಳ ಕೈಗೆ ಮೊದಲು ಕೊಡಬೇಕಾದ್ದೂ ಅದನ್ನೇ.