ಹೊಳೆಯುವ ಹಳೆ ಮರ್ಸಿಡಿಸ್ ಕೊಳ್ಳುವ ಮುಂಚೆ ಕೆಳಗೆ ಬಗ್ಗಿ ನೋಡಿ

ಮರ್ಸಿಡಿಸ್ ಬೆಂಜ್ 280 ಎಸ್‌ಇ 3.5 ಕ್ಯಾಬ್ರಿಯೋಲೆ. ಹಳೆ ಕಾರುಗಳ ಹುಚ್ಚು ಇರುವವರಿಗೆ ಈ ಹೆಸರು ಹೇಳಿದರೆ ಸಾಕು. 1969ರಿಂದ 1971ರ ನಡುವೆ ತಯಾರಾಗಿದ್ದು ಬರೀ 1,232 ಕಾರು. ನಾಲ್ಕು ಜನ ಆರಾಮಾಗಿ ಕೂತು, ಟಾಪ್ ಮಡಚಿ ಹಿಂದೆ ಹಾಕಿ ಹೋಗಬಹುದಾದ ದೊಡ್ಡ ಗಾಡಿ. ಕ್ಯಾಬ್ರಿಯೋಲೆ ಅಂದರೆ ಇದೇ, ಕನ್ವರ್ಟಿಬಲ್. ಬಾನೆಟ್ ಕೆಳಗೆ 200 ಅಶ್ವಶಕ್ತಿಯ ವಿ8, ಅಂದರೆ ಎಂಟು ಸಿಲಿಂಡರಿನ ಎಂಜಿನ್. ಮೂಲ ವಿನ್ಯಾಸ 1961ರದ್ದು, ಪಾಲ್ ಬ್ರಾಕ್ ಅವರ ಕೈಯದ್ದು. ಇದಾದ ಮೇಲೆ ಮರ್ಸಿಡಿಸ್‌ನಿಂದ ಇನ್ನೊಂದು ನಾಲ್ಕು ಸೀಟಿನ ಕನ್ವರ್ಟಿಬಲ್ ಬರಲು 20 ವರ್ಷ ಬೇಕಾಯಿತು. ಒಳ್ಳೆಯ ಸ್ಥಿತಿಯಲ್ಲಿರುವ ಒಂದಕ್ಕೆ ಈಗ 2 ಲಕ್ಷ ಯೂರೋಗೂ ಜಾಸ್ತಿ ಕೇಳುತ್ತಾರೆ.

ಸ್ಟುಟ್‌ಗಾರ್ಟ್ ಸುತ್ತಮುತ್ತ ಇಂಥ ಕಾರುಗಳನ್ನು ಕೊಳ್ಳುವವರ ಪರವಾಗಿ ಪರೀಕ್ಷೆ ಮಾಡಿ ವರದಿ ಕೊಡುವುದು ನನ್ನ ಕೆಲಸ. ಜರ್ಮನಿಯಲ್ಲಿರುವ ನಮ್ಮ ಕನ್ನಡದವರೂ ಈಗೀಗ ಫೋನ್ ಮಾಡುತ್ತಾರೆ. "ಸರ್, ಪೂರ್ತಿ ರಿಸ್ಟೋರ್ ಆಗಿದೆಯಂತೆ. ಫೋಟೋ ನೋಡಿದ್ರೆ ಈಗ ತಾನೇ ಶೋರೂಮಿಂದ ಬಂದಂಗಿದೆ. ನೀವೊಂದ್ಸಲ ನೋಡಿ ಓಕೆ ಅಂದ್ಬಿಡಿ." ಆಗ ನಾನು ಕೇಳುವುದು ಒಂದೇ: ಬಣ್ಣ ಹೊಡೆಯುವ ಮುಂಚಿನ ಫೋಟೋಗಳು ಇವೆಯಾ?

ಯಾಕೆ ಹೀಗೆ ಕೇಳುತ್ತೇನೆ ಅಂತ ಸ್ವಲ್ಪ ಬಿಡಿಸಿ ಹೇಳಬೇಕು. ಈ ಕಾರಿಗೆ ಲಾರಿಗೆ ಇರುವಂಥ ಬೇರೆ ಚಾಸಿ ಇಲ್ಲ. ಬಾಡಿಯೇ ಎಲ್ಲ ಭಾರವನ್ನೂ ಹೊರಬೇಕು. ಮುಚ್ಚಳ ಹಾಕಿದ ಶೂ ಡಬ್ಬಿಯನ್ನು ತಿರುಚಲು ಹೋದರೆ ಅದು ಬಗ್ಗುವುದಿಲ್ಲ, ಮುಚ್ಚಳ ತೆಗೆದರೆ ಸಲೀಸಾಗಿ ತಿರುಚಿಕೊಳ್ಳುತ್ತದೆ. ಕೂಪೆಯಲ್ಲಿ, ಅಂದರೆ ಗಟ್ಟಿ ಛಾವಣಿಯ ಎರಡು ಬಾಗಿಲಿನ ಕಾರಿನಲ್ಲಿ, ಆ ಛಾವಣಿ ಮಾಡುವ ಕೆಲಸವನ್ನು ಕನ್ವರ್ಟಿಬಲ್‌ನಲ್ಲಿ ನೆಲ ಮತ್ತು ಸಿಲ್ ಮಾಡಬೇಕು. ಸಿಲ್ ಅಂದರೆ ಬಾಗಿಲ ಕೆಳಗೆ ಉದ್ದಕ್ಕೆ ಹೋಗುವ ಉಕ್ಕಿನ ಪೆಟ್ಟಿಗೆ. ಅದು ಒಳಗೆ ಟೊಳ್ಳು. ಅಡಿಯಲ್ಲಿ ನೀರು ಹೋಗಲು ಸಣ್ಣ ತೂತುಗಳಿರುತ್ತವೆ. ಅವು ಕಟ್ಟಿಕೊಂಡರೆ ನೀರು ಒಳಗೇ ನಿಲ್ಲುತ್ತದೆ. ಚಳಿಗಾಲದಲ್ಲಿ ಇಲ್ಲಿನ ರಸ್ತೆಗೆ ಉಪ್ಪು ಹಾಕುತ್ತಾರೆ, ಅದೂ ಸೇರುತ್ತದೆ. ತುಕ್ಕು ಒಳಗಿನಿಂದ ಹೊರಗೆ ಬರುತ್ತದೆ. ಹೊರಗೆ ಕಾಣುವ ಹೊತ್ತಿಗೆ ಒಳಗಿನ ಪದರ ಹೋಗಿಯೇ ಇರುತ್ತದೆ.

ಇದನ್ನು ಸರಿಯಾಗಿ ರಿಪೇರಿ ಮಾಡುವುದು ದೊಡ್ಡ ಕೆಲಸ. ಕಾರನ್ನು ಪೂರ್ತಿ ಬಿಚ್ಚಿ, ಎರಡೂ ಬಾಗಿಲ ಜಾಗಕ್ಕೆ ಕಬ್ಬಿಣದ ಪೈಪು ಅಡ್ಡ ಕೊಟ್ಟು ಬಿಗಿ ಮಾಡಬೇಕು. ಆಮೇಲೆ ಕೊಳೆತ ತಗಡನ್ನು ಕತ್ತರಿಸಿ ತೆಗೆದು, ಒಳಗಿನದು, ಹೊರಗಿನದು ಎರಡನ್ನೂ ಹೊಸದಾಗಿ ವೆಲ್ಡ್ ಮಾಡಬೇಕು. ಅಡ್ಡ ಪೈಪು ಕೊಡದೆ ಕತ್ತರಿಸಿದರೆ ಬಾಡಿ ಮಧ್ಯದಲ್ಲಿ ಜೋತುಬೀಳುತ್ತದೆ. ಕೆಲವೇ ಮಿಲಿಮೀಟರ್ ಇರಬಹುದು. ಆದರೆ ಅದೇ ಸ್ಥಿತಿಯಲ್ಲಿ ವೆಲ್ಡ್ ಆಗಿಹೋದರೆ ಆ ಕಾರು ಇನ್ನು ನೆಟ್ಟಗಾಗುವುದು ಬಹಳ ಕಷ್ಟ. ಸುಲಭದ ದಾರಿ ಇನ್ನೊಂದಿದೆ: ತುಕ್ಕು ಹಿಡಿದ ಸಿಲ್ ಮೇಲೆಯೇ ಹೊಸ ತಗಡು ಹೊದಿಸಿ, ಪುಟ್ಟಿ ತುಂಬಿ, ಉಜ್ಜಿ ಬಣ್ಣ ಹೊಡೆಯುವುದು. ಫೋಟೋದಲ್ಲಿ ಎರಡೂ ಒಂದೇ ತರ ಕಾಣುತ್ತವೆ.

ಆದ್ದರಿಂದ ಕಾರಿನ ಹತ್ತಿರ ಹೋದ ತಕ್ಷಣ ನಾನು ನೋಡುವುದು ಬಾಗಿಲ ಹಿಂಬದಿಯ ಸಂದು. ಮೇಲಿಂದ ಕೆಳಗಿನವರೆಗೆ ಅದು ಒಂದೇ ಅಳತೆ ಇರಬೇಕು. ಮೇಲೆ ಕಿರಿದಾಗಿ ಕೆಳಗೆ ಅಗಲವಾಗಿದ್ದರೆ ಬಾಡಿ ಮಧ್ಯದಲ್ಲಿ ಇಳಿದಿದೆ ಅಂತ ಅನುಮಾನ ಪಡಬೇಕು. ಆಮೇಲೆ ಜಾಕ್ ಕೊಟ್ಟು ಒಂದು ಬದಿ ಎತ್ತಿಸಿ ಬಾಗಿಲು ತೆಗೆದು ಹಾಕುತ್ತೇನೆ. ಗಟ್ಟಿ ಬಾಡಿಯಾದರೆ ಬಾಗಿಲು ಮೊದಲಿನಷ್ಟೇ ಸಲೀಸಾಗಿ ಕೂರುತ್ತದೆ. ಎತ್ತಿದಾಗ ಲಾಕ್ ತಾಗಲು ಶುರುವಾದರೆ ಎಷ್ಟು ಚಂದದ ಬಣ್ಣ ಇದ್ದರೂ ಉಪಯೋಗವಿಲ್ಲ.

ಹೋದ ವರ್ಷ ನೋಡಿದ ಒಂದು ಬೂದು ಬಣ್ಣದ ಕಾರು ಈ ಎರಡು ಪರೀಕ್ಷೆಯಲ್ಲೂ ಪಾಸಾಯಿತು. ಲೆದರ್ ಹೊಸದು, ಮರದ ಡ್ಯಾಶ್‌ಬೋರ್ಡ್ ಕನ್ನಡಿಯ ಹಾಗೆ ಮಿನುಗುತ್ತಿತ್ತು. ಲಿಫ್ಟ್ ಮೇಲೆ ಹತ್ತಿಸಿ, ಸಿಲ್ ಅಡಿಯ ತೂತಿನಿಂದ ಸಣ್ಣ ಕ್ಯಾಮೆರಾ ತೂರಿಸಿದೆ. ಹೊಸ ತಗಡಿನ ಬೆನ್ನಿಗೆ ಹಳೆ ಸಿಲ್‌ನ ಚೂರುಗಳು ಅಂಚು ಮುರಿದು ನಿಂತಿದ್ದವು. ಕೆಳಗೆ ಕೆಂಪು ತುಕ್ಕಿನ ಪುಡಿ ಬಿದ್ದಿತ್ತು. ಮಾರುವವರ ಕಡತದಲ್ಲಿ ಲೆದರ್ ಬಿಲ್ ಇತ್ತು, ಕ್ರೋಮ್ ಬಿಲ್ ಇತ್ತು, ಬಣ್ಣದ ಬಿಲ್ ಇತ್ತು. ವೆಲ್ಡಿಂಗ್ ಬಗ್ಗೆ ಒಂದು ಸಾಲೂ ಇರಲಿಲ್ಲ. ಕೊಳ್ಳಬೇಕೆಂದಿದ್ದವರಿಗೆ ಬೇಡ ಅಂತ ಹೇಳಿದೆ.

ಬಣ್ಣದ ದಪ್ಪ ಅಳೆಯುವ ಮೀಟರ್ ಕೂಡ ಸಹಾಯಕ್ಕೆ ಬರುತ್ತದೆ. ಮರುಬಣ್ಣ ಆದ ಕಾರಿನಲ್ಲಿ 200-300 ಮೈಕ್ರಾನ್ ಬಂದರೆ ತಲೆ ಕೆಡಿಸಿಕೊಳ್ಳಬೇಡಿ. 1,000 ದಾಟಿದರೆ ಕೆಳಗೆ ಏನಿದೆ ಅಂತ ಕೇಳಿ. ಆದರೆ ಮೀಟರ್ ಹೇಳಿದ್ದೇ ಕೊನೆಯ ಮಾತಲ್ಲ. ಆ ಕಾಲದಲ್ಲಿ ಕಾರ್ಖಾನೆಯಲ್ಲೇ ಕೆಲವು ಜೋಡಣೆಗಳ ಮೇಲೆ ಸೀಸ ತುಂಬುತ್ತಿದ್ದರು. ಅಲ್ಲೂ ಅಂಕಿ ಜಾಸ್ತಿ ಬರುತ್ತದೆ, ಅದು ತಪ್ಪಲ್ಲ.

ಇನ್ನು ನಂಬರ್. ನಿಜವಾದ 3.5 ಕ್ಯಾಬ್ರಿಯೋಲೆಯ ಚಾಸಿ ನಂಬರ್ 111.027 ಅಂತ ಶುರುವಾಗಬೇಕು. 111.026 ಇದ್ದರೆ ಅದು ಹುಟ್ಟಿದ್ದು ಕೂಪೆಯಾಗಿ, ಯಾರೋ ಛಾವಣಿ ಕತ್ತರಿಸಿದ್ದಾರೆ. 111.025 ಇದ್ದರೆ ಆರು ಸಿಲಿಂಡರಿನ ಕ್ಯಾಬ್ರಿಯೋಲೆ, ಆಮೇಲೆ ವಿ8 ಕೂರಿಸಿದ್ದಾರೆ. ಕೂಪೆಗೂ ಕ್ಯಾಬ್ರಿಯೋಲೆಗೂ ಬೆಲೆಯಲ್ಲಿ ಅಷ್ಟೊಂದು ಅಂತರ ಇರುವುದರಿಂದ ಈ ಕತ್ತರಿ ಕೆಲಸ ನಡೆಯುತ್ತದೆ. ಮುಂದಿನ ಎರಡು ಅಂಕಿಯೂ ಮುಖ್ಯ: 12 ಅಂದರೆ ಎಡಗಡೆ ಸ್ಟಿಯರಿಂಗ್, ಆಟೋಮ್ಯಾಟಿಕ್. 22 ಅಂದರೆ ಬಲಗಡೆ ಸ್ಟಿಯರಿಂಗ್, ಆಟೋಮ್ಯಾಟಿಕ್. ಪ್ರತಿ ಕಾರಿಗೂ ಕಾರ್ಖಾನೆಯ ಡೇಟಾ ಕಾರ್ಡ್ ಇರುತ್ತದೆ. ಎಂಜಿನ್ ನಂಬರ್, ಬಾಡಿ ನಂಬರ್, ಮೊದಲು ಹೊಡೆದಿದ್ದ ಬಣ್ಣ, ಹೊದಿಕೆ ಎಲ್ಲ ಅದರಲ್ಲಿದೆ. ಕಾರಿನ ಉಕ್ಕಿನ ಮೇಲೆ ಅಚ್ಚಾಗಿರುವ ನಂಬರ್ ಪಕ್ಕ ಅದನ್ನು ಇಟ್ಟು ಒಂದೊಂದೇ ಅಂಕಿ ತಾಳೆ ನೋಡಿ. ರಿವೆಟ್ ಹೊಡೆದ ತಗಡಿನ ಪಟ್ಟಿಯನ್ನಷ್ಟೇ ನಂಬಬೇಡಿ, ಅದನ್ನು ಬದಲಿಸುವುದು ಕಷ್ಟವೇನಲ್ಲ.

ಎಂಜಿನ್ ಬಗ್ಗೆ ನನ್ನ ಬೇಡಿಕೆ ಒಂದೇ: ನಾನು ಬರುವವರೆಗೆ ಸ್ಟಾರ್ಟ್ ಮಾಡಬೇಡಿ. ಇದರಲ್ಲಿರುವುದು ಬಾಷ್ ಕಂಪನಿಯ ಡಿ-ಜೆಟ್ರಾನಿಕ್, ಅಂದರೆ ಎಂಜಿನ್‌ಗೆ ಪೆಟ್ರೋಲ್ ಕೊಡುವ ಎಲೆಕ್ಟ್ರಾನಿಕ್ ಇಂಜೆಕ್ಷನ್‌ನ ಮೊದಲ ತಲೆಮಾರು. ಅದರ ತೊಂದರೆಗಳು ತಣ್ಣಗಿನ ಎಂಜಿನ್‌ನಲ್ಲೇ ಚೆನ್ನಾಗಿ ಗೊತ್ತಾಗುತ್ತವೆ. ಬಾನೆಟ್ ಮುಟ್ಟಿ ಬಿಸಿ ಇದ್ದರೆ ಇನ್ನೊಂದು ದಿನ ಬರುತ್ತೇನೆ ಅಂತ ಹೇಳಿ ಹೊರಡುತ್ತೇನೆ. ವೈರಿಂಗ್, ಬ್ರೇಕ್, ಲೆದರ್, ಟಾಪ್ ಬಟ್ಟೆ ಇವೆಲ್ಲ ದುಡ್ಡಿದ್ದರೆ ಸರಿಯಾಗುವಂಥವು.

"ಇದನ್ನ ಬೆಂಗಳೂರಿಗೆ ತಗೊಂಡು ಹೋಗ್ಬಹುದಾ?" ಅಂತ ಕೇಳುವವರೂ ಇದ್ದಾರೆ. ಕಸ್ಟಮ್ಸ್ ವಿಚಾರ ಬೇರೆ, ಅದಕ್ಕೆ ಆ ಕೆಲಸ ಬಲ್ಲವರನ್ನೇ ಹಿಡಿಯಬೇಕು. ನೋಂದಣಿಗೆ ಮಾತ್ರ 2021ರಿಂದ ಭಾರತದಲ್ಲಿ ಪ್ರತ್ಯೇಕ ನಿಯಮ ಇದೆ. 50 ವರ್ಷ ದಾಟಿದ ಗಾಡಿಗೆ 'ವಿಎ' ಅಕ್ಷರದ ನಂಬರ್ ಕೊಡುತ್ತಾರೆ, ಹೊಸ ನೋಂದಣಿಗೆ 20,000 ರೂಪಾಯಿ ಶುಲ್ಕ. ಷರತ್ತು ಏನೆಂದರೆ ಚಾಸಿ, ಬಾಡಿ, ಎಂಜಿನ್ ಮೂಲ ರೂಪದಲ್ಲೇ ಇರಬೇಕು. ಛಾವಣಿ ಕತ್ತರಿಸಿದ ಕೂಪೆ ಕೊಂಡವರಿಗೆ ಅಲ್ಲೂ ತಲೆನೋವು ತಪ್ಪಿದ್ದಲ್ಲ.

ನನ್ನ ದುಡ್ಡಾಗಿದ್ದರೆ ಏನು ಮಾಡುತ್ತಿದ್ದೆ ಅಂತಲೂ ಕೇಳುತ್ತಾರೆ. ನಾನು ಆರು ಸಿಲಿಂಡರಿನ 280 ಎಸ್‌ಇ ಕ್ಯಾಬ್ರಿಯೋಲೆ ಹುಡುಕುತ್ತೇನೆ. ಬಣ್ಣ ಸ್ವಲ್ಪ ಮಾಸಿರಲಿ, ಸೀಟಿನ ಹೊಲಿಗೆ ಅಲ್ಲಲ್ಲಿ ಬಿಟ್ಟಿರಲಿ, ಸಿಲ್ ಮಾತ್ರ ಕಾರ್ಖಾನೆಯದ್ದೇ ಇರಲಿ. ವಿ8ಗಿಂತ ಬಹಳ ಅಗ್ಗಕ್ಕೆ ಸಿಗುತ್ತದೆ. ಉಳಿದ ದುಡ್ಡಲ್ಲಿ ಮೊದಲು ಸಿಲ್ ತೂತುಗಳನ್ನು ಬಿಡಿಸಿ, ತುಕ್ಕು ಹಿಡಿಯದಂತೆ ಒಳಗೆ ಮೇಣ ಹೊಡೆಸುತ್ತೇನೆ. ಬಣ್ಣದ ಕೆಲಸಕ್ಕೆ ಅವಸರವೇನೂ ಇಲ್ಲ.