ಗುಂಯ್ ಎನ್ನುವ ಮುಂದಿನ ಚಕ್ರ

ನಾಲ್ಕೂ ಟೈರ್ ಬದಲಾಯಿಸಿದ ಮೇಲೂ ಸದ್ದು ನಿಂತಿಲ್ಲ ಎಂದು ಗ್ಯಾರೇಜಿಗೆ ಬರುವವರು ಆಗಾಗ ಇರುತ್ತಾರೆ. ದುಡ್ಡು ಸುರಿದಾದ ಮೇಲೆ ಗೊತ್ತಾಗುತ್ತದೆ, ಕೂಗುತ್ತಿದ್ದದ್ದು ಟೈರಲ್ಲ, ವೀಲ್ ಬೇರಿಂಗ್, ಅಂದರೆ ಚಕ್ರ ಸರಾಗವಾಗಿ ತಿರುಗಲೆಂದು ಒಳಗಿರುವ ಗುಂಡುಗಳ ಬಳೆ ಅಂತ. ಟೈರಿನ ಸದ್ದು ರಸ್ತೆಗೆ ತಕ್ಕಂತೆ ಬದಲಾಗುತ್ತದೆ. ಕಾಂಕ್ರೀಟಿನ ಮೇಲೆ ಒಂದು ಥರ, ಹೊಸ ಡಾಂಬರಿನ ಮೇಲೆ ಇನ್ನೊಂದು ಥರ. ಬೇರಿಂಗಿಗೆ ರಸ್ತೆಯ ಹಂಗಿಲ್ಲ, ವೇಗ ಏರಿದಂತೆ ಅದರ ರಾಗವೂ ಏರುತ್ತದೆ. ಖಾಲಿ ರಸ್ತೆಯಲ್ಲಿ 60 ಕಿ.ಮೀ. ವೇಗದಲ್ಲಿ ಸ್ಟೇರಿಂಗನ್ನು ಮೆಲ್ಲಗೆ ಎಡಕ್ಕೆ ವಾಲಿಸಿ ನೋಡಿ. ಭಾರ ಬಲಕ್ಕೆ ಬೀಳುತ್ತದೆ. ಆಗ ಸದ್ದು ಜೋರಾದರೆ ಹೋಗಿರುವುದು ಸಾಮಾನ್ಯವಾಗಿ ಬಲಗಡೆಯದು.

ಖಾತ್ರಿಯಾಗಬೇಕೆಂದರೆ ಜಾಕ್ ಹಾಕಿ ಎತ್ತಿ, ಒಂದು ಕೈಯಲ್ಲಿ ಚಕ್ರದ ಒಳಬದಿಯ ಕಾಯಿಲ್ ಸ್ಪ್ರಿಂಗ್ ಹಿಡಿದು ಇನ್ನೊಂದರಲ್ಲಿ ಚಕ್ರ ತಿರುಗಿಸಿ. ಮರಳು ಸಿಕ್ಕಿಕೊಂಡಂತೆ ಗರಗರ ಎನ್ನುವುದು ಸ್ಪ್ರಿಂಗಿನ ಮೂಲಕ ಬೆರಳಿಗೇ ತಿಳಿಯುತ್ತದೆ. ಚಕ್ರವನ್ನು ಮೇಲೆ ಕೆಳಗೆ ಹಿಡಿದು ಅಲುಗಿಸಿದಾಗ ಆಟ ಇದ್ದರೆ ಬೇರಿಂಗ್ ಇಲ್ಲವೇ ಸಸ್ಪೆನ್ಷನ್ನಿನ ಗುಂಡು ಕೀಲಾದ ಬಾಲ್ ಜಾಯಿಂಟ್. ಅಕ್ಕಪಕ್ಕ ಮಾತ್ರ ಅಲುಗಿದರೆ ಸ್ಟೇರಿಂಗಿನಿಂದ ಚಕ್ರಕ್ಕೆ ಬರುವ ಟೈ ರಾಡ್ ಕಡೆ ನೋಡಿ.

ಬೇರಿಂಗ್ ಬದಲಾಯಿಸುವುದನ್ನು ಮನೆಯಲ್ಲಿ ಮಾಡಬಹುದೇ? ನಿಮ್ಮ ಕಾರಿಗೆ ಬರುವ ಹೊಸ ಸಾಮಾನನ್ನು ಮೊದಲು ಅಂಗಡಿಯಲ್ಲಿ ಕೈಗೆತ್ತಿಕೊಂಡು ನೋಡಿ. ಚಕ್ರ ಕೂರುವ ಹಬ್ಬು, ಬೇರಿಂಗು ಒಂದೇ ತುಂಡಾಗಿದ್ದು, ಹಿಂಭಾಗದಲ್ಲಿ ಮೂರೋ ನಾಲ್ಕೋ ಬೋಲ್ಟ್ ತೂತುಗಳಿದ್ದರೆ ಒಂದು ಭಾನುವಾರದ ಕೆಲಸ. ಬರೀ ಬಳೆಯಂಥ ಬೇರಿಂಗ್ ಆಗಿದ್ದರೆ, ಆಲ್ಟೊ, ಸ್ವಿಫ್ಟ್‌ನಂಥ ಸಣ್ಣ ಕಾರುಗಳಲ್ಲಿ ಇರುವುದು ಇದೇ, ಅದನ್ನು ನಕಲ್ (ಹಬ್ಬು, ಬೇರಿಂಗನ್ನು ಹೊತ್ತಿರುವ ಎರಕದ ಭಾಗ) ಒಳಗೆ ಹೈಡ್ರಾಲಿಕ್ ಪ್ರೆಸ್‌ನಲ್ಲಿ ಒತ್ತಿ ಕೂರಿಸಬೇಕು. ಬಿಚ್ಚುವುದು ಮನೆಯಲ್ಲಿ, ಒತ್ತುವುದು ಪ್ರೆಸ್ ಇರುವ ಲೇತ್ ಅಂಗಡಿಯಲ್ಲಿ.

ಇಲ್ಲಿ ಹಟ ಬೇಡ ಎನ್ನಲು ಕಾರಣವಿದೆ. ಕೆಲಸ ಕಲಿಯುವ ಕಾಲದಲ್ಲಿ ಪ್ರೆಸ್ ತನಕ ಯಾರು ಹೋಗುತ್ತಾರೆಂದು ಸುತ್ತಿಗೆಯಲ್ಲೇ ಒಂದನ್ನು ಕೂರಿಸಿದ್ದೆ. ತಿಂಗಳೊಳಗೆ ಅದೇ ಗಾಡಿ ಅದೇ ಸದ್ದು ಮಾಡಿಕೊಂಡು ವಾಪಸ್ ಬಂತು. ಬೇರಿಂಗನ್ನು ನಕಲ್‌ಗೆ ಒತ್ತುವಾಗ ಬಲ ಹೊರಬಳೆಯ ಮೇಲೆ ಬೀಳಬೇಕು. ಹಬ್ಬನ್ನು ಬೇರಿಂಗಿಗೆ ಒತ್ತುವಾಗ ಒಳಬಳೆಗೆ ಕೆಳಗಿನಿಂದ ಆಸರೆ ಇರಬೇಕು. ಅದಲುಬದಲಾದರೆ ಇಡೀ ಬಲ ಗುಂಡುಗಳ ಮೂಲಕ ಹಾದು, ನುಣುಪಾದ ದಾರಿಯಲ್ಲಿ ಕಣ್ಣಿಗೆ ಕಾಣದಷ್ಟು ಸಣ್ಣ ಗುಳಿಗಳು ಬೀಳುತ್ತವೆ. ಲೇತ್ ಅಂಗಡಿಯಲ್ಲೂ ಪಕ್ಕದಲ್ಲಿ ನಿಂತು ಇದೊಂದನ್ನು ನೋಡಿ. ಕೆಲವರು ಅವಸರದವರು.

ಬಿಚ್ಚುವಾಗ ಮೊದಲು ಚಕ್ರದ ನಡುವಿನ ದೊಡ್ಡ ಆಕ್ಸಲ್ ನಟ್, ಅದೂ ಗಾಡಿ ನೆಲದ ಮೇಲಿರುವಾಗಲೇ. ಗುದ್ದಿ ಮಡಿಸಿರುವ ಅಂಚನ್ನು ಚಾಣದಿಂದ ಎತ್ತಿ, ಉದ್ದದ ಹ್ಯಾಂಡಲ್ ಹಾಕಿ ಸಡಿಲಿಸಿ. ಆಮೇಲೆ ಎತ್ತಿ, ಜಾಕ್ ಸ್ಟ್ಯಾಂಡ್ ಕೊಡಿ. ಹಾಲೋ ಬ್ಲಾಕ್ ಇಟ್ಟು ಕೆಳಗೆ ತೂರಬೇಡಿ, ಅದು ಹೇಳದೆ ಕೇಳದೆ ಪುಡಿಯಾಗುತ್ತದೆ. ಬ್ರೇಕ್ ಪ್ಯಾಡ್ ಹಿಡಿದಿರುವ ಕ್ಯಾಲಿಪರನ್ನು ತಂತಿಯಲ್ಲಿ ಸ್ಪ್ರಿಂಗಿಗೆ ಕಟ್ಟಿ, ಬ್ರೇಕ್ ಹೋಸ್‌ನಲ್ಲಿ ಜೋತು ಬೀಳಬಾರದು. ಆಕ್ಸಲ್ ಹಬ್ಬಿನಿಂದ ಜಾರದಿದ್ದರೆ ನಟ್ಟನ್ನು ತುದಿಯ ಸಮಕ್ಕೆ ತಿರುಗಿಸಿಟ್ಟು, ಮರದ ತುಂಡು ಅಡ್ಡ ಹಿಡಿದು ತಟ್ಟಿ. ನೇರ ಹೊಡೆದರೆ ಆಕ್ಸಲ್ ತುದಿಯ ಮರೆ (ತಿರುಪಿನ ಗೆರೆ) ಹಾಳು. ಮಂಗಳೂರು, ಉಡುಪಿಯ ಉಪ್ಪು ಗಾಳಿಯಲ್ಲಿ ಬೆಳೆದ ಗಾಡಿಯಾದರೆ ಹಿಂದಿನ ರಾತ್ರಿಯೇ ತುಕ್ಕಿನೆಣ್ಣೆ ಹೊಡೆದಿಡಿ. ನಕಲನ್ನೇ ಇಳಿಸುವುದಾದರೆ ಅದನ್ನು ಸ್ಪ್ರಿಂಗಿನ ಕಂಬಕ್ಕೆ ಬಿಗಿದಿರುವ ಸ್ಟ್ರಟ್ ಬೋಲ್ಟ್‌ಗಳ ಜಾಗಕ್ಕೆ ಬಣ್ಣದ ಗುರುತು ಹಾಕಿ, ಜೋಡಿಸಿದ ಮೇಲೆ ಚಕ್ರಗಳ ಅಲೈನ್‌ಮೆಂಟ್ ಮಾಡಿಸಿ.

ಹೊಸತನ್ನು ಹಾಕುವ ಮೊದಲು ಅದು ಕೂರುವ ಜಾಗವನ್ನು ತಂತಿ ಬ್ರಷ್‌ನಿಂದ ಉಜ್ಜಿ. ಒಂದು ಚೂರು ತುಕ್ಕು ಉಳಿದರೂ ಹಬ್ ಓರೆಯಾಗಿ ಕೂತು, ಬ್ರೇಕ್ ಹಿಡಿದಾಗ ಪೆಡಲ್ ನಡುಗುತ್ತದೆ. ಎಬಿಎಸ್ (ಬ್ರೇಕ್ ಹಿಡಿದಾಗ ಚಕ್ರ ಲಾಕ್ ಆಗದಂತೆ ತಡೆಯುವ ವ್ಯವಸ್ಥೆ) ಇರುವ ಹಲವು ಗಾಡಿಗಳಲ್ಲಿ ಬೇರಿಂಗಿನ ಒಂದು ಬದಿಯ ಸೀಲ್ ಆಯಸ್ಕಾಂತದ್ದು. ಪೇಪರ್ ಕ್ಲಿಪ್ ಹಿಡಿದರೆ ಅಂಟಿಕೊಳ್ಳುವ ಬದಿ ಸೆನ್ಸರ್ ಕಡೆಗೆ, ಒಳಗೆ ಬರಬೇಕು. ತಿರುಗಿ ಹಾಕಿದಿರೋ, ಡ್ಯಾಶ್‌ಬೋರ್ಡಿನಲ್ಲಿ ದೀಪ ಉರಿಯುತ್ತದೆ, ಮತ್ತೆ ಪ್ರೆಸ್ ಅಂಗಡಿಗೆ ನಡೆಯಬೇಕು.

ಆಕ್ಸಲ್ ನಟ್ ಹೊಸದೇ ಇರಲಿ. ಹಳೆಯದನ್ನು ತೊಳೆದು ಹಾಕುವ ಜಿಪುಣತನ ಇಲ್ಲಿ ಬೇಡ. ಬಿಗಿ ಎಷ್ಟೆಂಬುದು ನಿಮ್ಮ ಗಾಡಿಯ ಸರ್ವಿಸ್ ಮ್ಯಾನುಯಲ್‌ನಲ್ಲಿ ಇರುತ್ತದೆ. ಬಹಳ ಕಾರುಗಳಲ್ಲಿ 200 ನ್ಯೂಟನ್ ಮೀಟರಿನ ಆಸುಪಾಸು. ಟಾರ್ಕ್ ರೆಂಚ್ ಬಾಡಿಗೆಗಾದರೂ ತನ್ನಿ, ಗಾಳಿ ಗನ್ನಿನಲ್ಲಿ ಕಡೆಯ ಬಿಗಿ ಕೊಡಬೇಡಿ. ನಟ್ ಬಿಗಿಯಾಗುವ ಮೊದಲು ಗಾಡಿಯ ಪೂರ್ತಿ ಭಾರ ಹೊಸ ಬೇರಿಂಗಿನ ಮೇಲೆ ಬೀಳಬಾರದು. ಆದ್ದರಿಂದ ಮನೆಯವರೊಬ್ಬರನ್ನು ಕೂರಿಸಿ ಬ್ರೇಕ್ ತುಳಿಸಿ, ಗಾಡಿ ಜಾಕ್ ಸ್ಟ್ಯಾಂಡಿನ ಮೇಲಿರುವಾಗಲೇ ಬಿಗಿ ಮಾಡಿ, ಅಂಚು ಗುದ್ದಿ ಮಡಿಸಿ.

ಸುಮಾರು 100 ಕಿ.ಮೀ. ಓಡಿಸಿದ ಮೇಲೆ ವೀಲ್ ನಟ್‌ಗಳನ್ನು ಇನ್ನೊಮ್ಮೆ ನೋಡಿ. ಆಕ್ಸಲ್ ನಟ್ಟನ್ನು ಮುಟ್ಟಲು ಹೋಗಬೇಡಿ.