ಕನ್ನಡಿಯಿಲ್ಲದ ಲೇಸರ್: ಬಿಳಿ ಪುಡಿಯಲ್ಲಿ ಬೆಳಕಿನ ಅಲೆದಾಟ

ಮಾಮೂಲಿ ಲೇಸರ್‌ನಲ್ಲಿ ಬೆಳಕು ಎರಡು ಕನ್ನಡಿಗಳ ನಡುವೆ ಓಡಾಡುತ್ತಾ ಬಲಿಯುತ್ತದೆ. ಹಾಗಾಗಿ ಲೇಸರ್ ಕಟ್ಟುವವರಿಗೆ ಬೆಳಕಿನ ಚದುರುವಿಕೆ ಎಂದರೆ ಆಗದು. ಕನ್ನಡಿಯ ಮೇಲೆ ದೂಳು ಕೂತರೂ ನಷ್ಟವೇ. ಆದರೆ 1966ರಲ್ಲಿ ಮಾಸ್ಕೋದ ಲೆಬೆಡೆವ್ ಸಂಸ್ಥೆಯ ಬಾಸೊವ್ ಮತ್ತು ಸಂಗಡಿಗರು ಬೇಕೆಂದೇ ಒಂದು ಕನ್ನಡಿ ತೆಗೆದು, ಬೆಳಕು ಚದುರಿಸುವ ಮೇಲ್ಮೈಯನ್ನು ಅಲ್ಲಿಟ್ಟರು. ಲೇಸರ್ ನಡೆಯಿತು. ಎರಡೂ ಕನ್ನಡಿ ಬೇಡವೆಂದು ಅದೇ ತಂಡದ ಲೆಟೊಖೊವ್ 1968ರಲ್ಲಿ ಲೆಕ್ಕ ಹಾಕಿ ತೋರಿಸಿದರು. ಇಂಥ ಕನ್ನಡಿಯಿಲ್ಲದ ಲೇಸರಿಗೇ ರ‍್ಯಾಂಡಮ್ ಲೇಸರ್ ಎಂದು ಹೆಸರು.

ಆ ಲೆಕ್ಕ ಪರಮಾಣು ರಿಯಾಕ್ಟರಿನದೇ: ಅಲ್ಲಿ ನ್ಯೂಟ್ರಾನ್, ಇಲ್ಲಿ ಫೋಟಾನ್ ಎಂಬ ಬೆಳಕಿನ ತುಣುಕು. ಪುಡಿಯ ಕಣದಿಂದ ಕಣಕ್ಕೆ ಬಡಿದು ಅಲೆಯುವ ಫೋಟಾನ್ ಹೊರಬೀಳುವ ಮುನ್ನ ತನ್ನಂಥದೇ ಇನ್ನೊಂದನ್ನು ಹುಟ್ಟಿಸಬೇಕು. ಹುಟ್ಟು ನಡೆಯುವುದು ಇಡೀ ಗಾತ್ರದಲ್ಲಿ, ಸೋರಿಕೆ ಮೇಲ್ಮೈಯಲ್ಲಿ ಮಾತ್ರ. ಹಾಗಾಗಿ ಗಾತ್ರ ಒಂದು ಮಿತಿ ದಾಟಿದರೆ ಹುಟ್ಟೇ ಗೆಲ್ಲುತ್ತದೆ. ಫೀಡ್‌ಬ್ಯಾಕ್ (ಬೆಳಕು ಮರಳಿ ಬಂದು ಮತ್ತೆ ಬಲಿಯುವುದು) ಇಲ್ಲವೆಂದಲ್ಲ, ಅದಕ್ಕೊಂದು ನೆಟ್ಟಗಿನ ದಾರಿಯಿಲ್ಲ, ಅಷ್ಟೆ.

ಇದು ಮನೆಮಾತಾದದ್ದು 1994ರಲ್ಲಿ, ಅಮೆರಿಕದ ಬ್ರೌನ್ ವಿಶ್ವವಿದ್ಯಾಲಯದ ಲವಾಂಡಿ ತಂಡದಿಂದ. ಮೆಥನಾಲಿನಲ್ಲಿ ಕರಗಿಸಿದ ರೋಡಮಿನ್ 640 ಬಣ್ಣ, ಅದರಲ್ಲಿ ಸುಮಾರು 250 ನ್ಯಾನೊಮೀಟರಿನ ಟೈಟಾನಿಯಂ ಡೈಆಕ್ಸೈಡ್ ಕಣ (ಗೋಡೆಯ ಪೇಂಟಿಗೆ ಬಿಳುಪು ಕೊಡುವ ಅದೇ ಪುಡಿ), ಮೇಲಿಂದ 532 ನ್ಯಾನೊಮೀಟರಿನ ಹಸಿರು ಪಲ್ಸ್. ಪಂಪ್ (ಶಕ್ತಿ ತುಂಬುವ ಆ ಹಸಿರು ಬೆಳಕು) ಏರಿಸಿದಂತೆ, ಸುಮಾರು 70 ನ್ಯಾನೊಮೀಟರ್ ತರಂಗಾಂತರಗಳಿಗೆ ಹರಡಿದ್ದ ಹೊಳಪು 4ಕ್ಕೆ ಕುಗ್ಗಿತು. ಲೇಸರ್ ನಡೆದದ್ದರ ಗುರುತು ಅದು.

ಮಾಡಿ ನೋಡುವವರು ಎಡವುವ ಜಾಗಗಳೂ ಇಲ್ಲೇ. ಕಣಗಳು ತಳ ಸೇರುತ್ತವೆ, ಆದ್ದರಿಂದ ಅಳತೆಗೆ ಮುಂಚೆ ಅಲ್ಟ್ರಾಸೋನಿಕ್ ತೊಟ್ಟಿಯಲ್ಲಿಟ್ಟು ಕದಡಬೇಕು. ಒಂದೇ ಜಾಗಕ್ಕೆ ಪಲ್ಸ್ ಬೀಳುತ್ತಿದ್ದರೆ ಬಣ್ಣ ಕೆಟ್ಟುಹೋಗುತ್ತದೆ. ಪಂಪಿನ ಚುಕ್ಕೆ ತೀರಾ ಸಣ್ಣದಾದರೆ ವರ್ಧನೆಯ (ಬೆಳಕು ಬಲಿಯುವ) ವಲಯ ಬಿಟ್ಟು ಹೋದ ಫೋಟಾನು ಮರಳದೆ ಹೊಸ್ತಿಲು, ಅಂದರೆ ಲೇಸರ್ ಶುರುವಾಗಲು ಬೇಕಾದ ಪಂಪ್ ಮಟ್ಟ, ಮೇಲೇರುತ್ತದೆ. ಕ್ಯುವೆಟ್ಟಿನ (ದ್ರಾವಣ ತುಂಬುವ ಗಾಜಿನ ಪುಟ್ಟ ಪೆಟ್ಟಿಗೆ) ಸಮಾನಾಂತರ ಗಾಜುಗಳೇ ಕಳ್ಳ ಕನ್ನಡಿಗಳಾಗಬಹುದು, ಸ್ವಲ್ಪ ಓರೆ ಮಾಡಿಡಿ. ಕಣವಿಲ್ಲದ ಬರೀ ಬಣ್ಣವನ್ನೂ ಅಳೆಯದಿದ್ದರೆ ಫಲಿತಾಂಶಕ್ಕೆ ಬೆಲೆಯಿಲ್ಲ: ಒಮ್ಮೆ ಹಾದುಹೋಗಿ ವರ್ಧಿಸಿದ ಬೆಳಕೂ ಕಿರಿದಾಗುತ್ತದೆ.

1999ರಲ್ಲಿ ಹುಯಿ ಕಾವ್ ತಂಡ ಸತುವಿನ ಆಕ್ಸೈಡ್ ಪುಡಿಯಲ್ಲಿ 0.3 ನ್ಯಾನೊಮೀಟರಿಗೂ ಕಿರಿದಾದ ಮೊನಚು ಗೆರೆಗಳನ್ನು ಬೆಳಕಿನ ರೋಹಿತದಲ್ಲಿ (ಬಣ್ಣಗಳ ಪಟ್ಟಿಯಲ್ಲಿ) ಕಂಡಿತು. ಬೆಳಕು ಪುಡಿಯೊಳಗೇ ಸುತ್ತು ಹೊಡೆದು ಸಿಕ್ಕಿಬಿದ್ದಿದೆಯೇ ಎಂಬ ಜಗಳ ಶುರುವಾಯಿತು. ಸಿಕ್ಕಿಬೀಳಲೇಬೇಕೆಂದಿಲ್ಲ ಎಂದು 2004ರಲ್ಲಿ ಫ್ಲಾರೆನ್ಸಿನಲ್ಲಿ ಸುಶೀಲ್ ಮುಜುಂದಾರ್, ವೀರ್ಸ್ಮಾ ಮೊದಲಾದವರು ತೋರಿಸಿದರು: ಅದೃಷ್ಟವಶಾತ್ ಬಹಳ ದೂರ ಅಲೆದ ಫೋಟಾನೊಂದೇ ಅಂಥ ಗೆರೆ ಮೂಡಿಸಬಲ್ಲದು. ಪಲ್ಸಿನಿಂದ ಪಲ್ಸಿಗೆ ಗೆರೆ ಜಾಗ ಬದಲಿಸಿದರೆ ಮೊದಲು ಇದನ್ನೇ ಅನುಮಾನಿಸಬೇಕು.

2010ರಲ್ಲಿ ಪುಡಿಯ ಜಾಗಕ್ಕೆ 83 ಕಿಲೋಮೀಟರ್ ಫೈಬರ್ ಬಂತು. ಗಾಜಿನ ಸಹಜ ರೇಲೀ ಚದುರುವಿಕೆಯೇ ಅದರ ಕನ್ನಡಿ, ವರ್ಧನೆ ನಮ್ಮ ರಾಮನ್ ಪರಿಣಾಮದ್ದು. 2012ರಲ್ಲಿ ಯೇಲ್‌ನಲ್ಲಿ ಕಾವ್ ತಂಡ ರ‍್ಯಾಂಡಮ್ ಲೇಸರ್ ಹಾಯಿಸಿ ಚಿತ್ರ ತೆಗೆದಾಗ, ಮಾಮೂಲಿ ಲೇಸರ್ ಬಿಡಿಸದೆ ಬಿಡದ ಚುಕ್ಕೆಚುಕ್ಕೆ ರಂಗೋಲಿ ಅದರಲ್ಲಿರಲಿಲ್ಲ.